ಹತ್ತು ವರ್ಷದ ಕಾರಕೂನನ ಫಂಡಿನ ರೊಕ್ಕ

ಹತ್ತನೆಯ ವಯಸ್ಸಿಗೆ ನಾನು ಸರ್ಕಾರಿ ಕಾರಕೂನನಾದೆ, ಹನ್ನೆರಡಕ್ಕೆ ಮದುವೆಯಾದೆ, ಹದಿನಾಲ್ಕಕ್ಕೆ ಗಂಡುಮಗುವಿನ ತಂದೆಯಾದೆ. ಮೂರಕ್ಕೂ ಸರ್ಕಾರಿ ಮೊಹರು ಬಿದ್ದ ಕಾಗದವಿದೆ. ನಗುವವರು ನಗಲಿ. ನಿಜಾಮರ ಸರ್ಕಾರ ಸಿಕ್ಕಸಿಕ್ಕವರನ್ನು ನೌಕರಿಗೆ ಇಟ್ಟುಕೊಳ್ಳುತ್ತಿರಲಿಲ್ಲ. ದುಬಲಗುಂಡಿಯ ಶಾಲೆಯಲ್ಲಿ ನಾನು ಉರ್ದು ಓದುತ್ತಿದ್ದಾಗ, ಹಾದಿಯಲ್ಲಿ ಹೊರಟಿದ್ದ ದೊಡ್ಡ ಸಾಹೇಬರೊಬ್ಬರು ಲಗಾಮು ಎಳೆದು ನಿಂತರು. ಕುದುರೆಯೂ ಕಿವಿ ನಿಮಿರಿಸಿ ಕೇಳಿತು. ಪಾಠ ಮುಗಿಯುವ ತನಕ ಅದು ಬಾಲ ಕೂಡ ಅಲ್ಲಾಡಿಸಲಿಲ್ಲ. ಮರುದಿನವೇ ನೇಮಕದ ಹುಕುಂ ಬಂತು. ದಫ್ತರದ ಮೇಜು ನನ್ನ ಗದ್ದಕ್ಕೆ ತಾಗುತ್ತಿದ್ದುದರಿಂದ ಕುರ್ಚಿಯ ಮೇಲೆ ನಾಲ್ಕು ದಪ್ಪ ರಿಜಿಸ್ಟರು ಪೇರಿಸಿ, ಅವುಗಳ ಮೇಲೆ ಕುಳಿತು ಬರೆದೆ. ಜವಾನರು ನನ್ನನ್ನು ಎತ್ತಿ ಕೂರಿಸುತ್ತಿದ್ದರು, ಸಂಜೆ ಎತ್ತಿ ಇಳಿಸುತ್ತಿದ್ದರು.

ಇಂಥ ಮನುಷ್ಯನ ರೊಕ್ಕವನ್ನು ಒಬ್ಬ ಹೆಡ್ ಕ್ಲಾರ್ಕ್ ತಡೆಹಿಡಿದ. ಆ ಕಥೆ ಹೇಳುತ್ತೇನೆ.

1972ನೇ ಇಸವಿ. ನಾನು ಬಸವಕಲ್ಯಾಣದ ಸಣ್ಣ ಕಚೇರಿಯಲ್ಲಿದ್ದೆ. ನಮ್ಮ ದೊಡ್ಡ ಕಚೇರಿ ಹುಮನಾಬಾದದಲ್ಲಿತ್ತು. ಯಾವ ಇಲಾಖೆ ಎಂದು ಹೇಳುವುದಿಲ್ಲ. ಹೇಳಿದರೆ, ನಾನು ಬಿಟ್ಟ ಮೇಲೆ ಅದು ಹೇಗೆ ನಡೆಯುತ್ತಿದೆ ಎಂದು ನೀವು ನೋಡಲು ಹೋಗುತ್ತೀರಿ, ಪಾಪ, ಅವರಿಗೆ ನಾಚಿಕೆಯಾಗುತ್ತದೆ.

ಕಲ್ಯಾಣದಲ್ಲಿ ನಾವಿದ್ದದ್ದು ಅಬ್ದುಲ್ ಕರೀಂ ಸಾಹೇಬರ ಮನೆಯಲ್ಲಿ, ಹದಿನಾಲ್ಕು ವರ್ಷದಿಂದ ಬಾಡಿಗೆಗೆ. ಕರೀಂ ಸಾಹೇಬರು ನಿಜಾಮರ ಕಾಲದಲ್ಲಿ ನಮ್ಮ ಇಲಾಖೆಯಲ್ಲೇ ಉರ್ದು ಬರೆಯುವ ಮುನಷಿಯಾಗಿದ್ದು ನಿವೃತ್ತರಾದವರು. ಮನೆ ಬಸ್ಸು ನಿಲ್ಲುವ ಜಾಗದ ಹಾದಿಯಲ್ಲೇ ಇತ್ತು. ಅಂಗಳದಲ್ಲಿ ಮೂರು ಒಲೆ ಹಾಕಿಕೊಂಡು ನನ್ನ ಹೆಂಡತಿ ಸೂಗಮ್ಮ ಜೋಳದ ರೊಟ್ಟಿ ಬಡಿದು ಮಾರುತ್ತಿದ್ದಳು. ಡ್ರೈವರು, ಕಂಡಕ್ಟರು, ಕೋರ್ಟಿಗೆ ಬಂದ ಹಳ್ಳಿಯ ಜನ, ಎಲ್ಲರೂ ಅವಳ ಗಿರಾಕಿಗಳು. ಹುಲಸೂರಿನ ಬಸ್ಸಿನ ಡ್ರೈವರು ಬ್ರೇಕು ಒತ್ತದಿದ್ದರೂ ಬಸ್ಸು ನಮ್ಮ ಬಾಗಿಲಲ್ಲಿ ತಾನಾಗಿ ನಿಲ್ಲುತ್ತಿತ್ತು ಎಂದರೆ ಆ ರೊಟ್ಟಿಯ ಘಮ ಎಂಥದಿರಬೇಕು! ಆ ಒಲೆ ಬೇರೆ ಓಣಿಗೆ ಹೋದರೆ ಮಾತ್ರ ವ್ಯಾಪಾರ ಮುಗಿಯಿತು. ಬಸ್ಸಿಳಿದವರು ರೊಟ್ಟಿಗಾಗಿ ಓಣಿ ಓಣಿ ಹುಡುಕುವುದಿಲ್ಲ.

ಕರೀಂ ಸಾಹೇಬರು ಮಗಳಿದ್ದ ಹೈದರಾಬಾದಿಗೆ ಹೋಗಿ ಇರಲು ನಿಶ್ಚಯಿಸಿದರು. ಒಂದು ಬೆಳಿಗ್ಗೆ ಅಂಗಳಕ್ಕೆ ಬಂದು ಸೂಗಮ್ಮನಿಗೇ ಹೇಳಿದರು, ನನಗಲ್ಲ.

"ಬೇಟಿ, ಮನಿ ಮಾರಾಕತ್ತೀನಿ. ಎರಡೂವರಿ ಸಾವಿರ. ಯುಗಾದಿ ತನಕ ನಿನಗ ಮಾತ ಕೊಟ್ಟೀನಿ. ಆಮ್ಯಾಲ ವೈಜನಾಥಗ ಕೊಡ್ತೀನಿ. ಅವ ನಗದಿ ಹಿಡ್ಕೊಂಡ ಕುಂತಾನ."

ವೈಜನಾಥ ನನ್ನ ಸಡ್ಡಕ. ಸೂಗಮ್ಮನ ಅಕ್ಕನ ಗಂಡ. ಅವನೇ ಹುಮನಾಬಾದದ ನಮ್ಮ ದೊಡ್ಡ ಕಚೇರಿಯ ಹೆಡ್ ಕ್ಲಾರ್ಕ್. ನಮ್ಮಿಬ್ಬರ ವೈರ ಎಷ್ಟು ಹಳೆಯದೆಂದರೆ, ಮೊದಲು ವೈರ ಹುಟ್ಟಿ ಆಮೇಲೆ ನಾವು ಹುಟ್ಟಿದೆವು. ಹಬ್ಬಕ್ಕೆ ಮಾವನ ಮನೆಯಲ್ಲಿ ಒಂದೇ ಸಾಲಿನಲ್ಲಿ ಕೂರಿಸಿದರೆ ಅನ್ನ ಹಳಸುತ್ತಿತ್ತು.

ಎರಡೂವರೆ ಸಾವಿರ ನಗದು ನನ್ನಲ್ಲಿ ಎಲ್ಲಿಂದ ಬರಬೇಕು? ಪ್ರಾವಿಡೆಂಟ್ ಫಂಡಿನಲ್ಲಿ ಇತ್ತು. ಇಪ್ಪತ್ತೈದು ವರ್ಷ ತಿಂಗಳು ತಿಂಗಳು ನನ್ನ ಪಗಾರದಿಂದ ಕಡಿದದ್ದು. ಮನೆ ಕೊಳ್ಳುವುದಕ್ಕೆ ಅದರಿಂದ ರೊಕ್ಕ ತೆಗೆಯಬಹುದು, ತಿರುಗಿ ಕಟ್ಟಬೇಕಿಲ್ಲ. ನಿಯಮ ಒಂದೇ: ಇಪ್ಪತ್ತು ವರ್ಷ ಸೇವೆ ತುಂಬಿರಬೇಕು. ಅರ್ಜಿ ಹಾಕಿದೆ. ಅರ್ಜಿ ಹೋದದ್ದು ವೈಜನಾಥನ ಮೇಜಿಗೆ. ಎಂಟನೆಯ ದಿನ ವಾಪಸ್ಸು ಬಂತು. ಅಂಗಳದಲ್ಲಿ ನಿಂತು ಸೂಗಮ್ಮನಿಗೆ ಓದಿ ಹೇಳಿದೆ:

"ಅರ್ಜಿದಾರರು ಸರ್ವಿಸ್ ಬುಕ್ಕಿನ ಪ್ರಕಾರ 1937ರ ಜನವರಿಯಲ್ಲಿ ಜನಿಸಿದ್ದು, 1947ರಲ್ಲಿ ಹತ್ತನೆಯ ವಯಸ್ಸಿಗೆ ನೌಕರಿಗೆ ಸೇರಿರುತ್ತಾರೆ. ಹದಿನೆಂಟು ತುಂಬುವುದಕ್ಕಿಂತ ಮುಂಚಿನ ಸೇವೆ ಗಣನೆಗೆ ಬಾರದು. ಉಳಿದ ಸೇವೆ ಹದಿನೇಳು ವರ್ಷ ಮಾತ್ರ. ಅರ್ಜಿ ತಿರಸ್ಕರಿಸಿದೆ."

ಸೂಗಮ್ಮ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು.

"ಹತ್ತು ವರ್ಷ ಯಾರಿಗ್ರಿ?"

"ನನಗ."

"ಅಂದ್ರ ನಮ್ಮ ಲಗ್ನದಾಗ ನಿಮಗ ಹನ್ನೆರಡು?"

"ಸರ್ಕಾರದ ಲೆಕ್ಕದಾಗ ಹೌದು."

"ಮೀಸಿ ಇದ್ವಲ್ಲ?"

"ನಮ್ಮ ಮನೆತನದಾಗ ಮೀಸಿ ಜಲ್ದಿ ಬರತಾವ."

ಅವಳು ನನ್ನ ಮುಖವನ್ನೇ ನೋಡಿದಳು. ಹಂಚಿನ ಮೇಲಿನ ರೊಟ್ಟಿ ಕರಕಾಗುವ ತನಕ ನೋಡಿದಳು. ಸೂಗಮ್ಮನ ಕೈಯಲ್ಲಿ ರೊಟ್ಟಿ ಕರಕಾದದ್ದನ್ನು ನಾನು ಅಂದೇ ಮೊದಲು ಕಂಡದ್ದು. ನಾನು ಗುಡುಗಿದೆ: "ನಾಳಿಗೆ ಹುಮನಾಬಾದಕ್ಕ ಹೋಗಿ ಆ ವೈಜನಾಥನ ಕುರ್ಚಿ ಸಮೇತ ಎತ್ತಿ ಕಲ್ಯಾಣಕ್ಕ ತರತೀನಿ. ನೀ ಅವಗ ಒಂದ ರೊಟ್ಟಿ ಹಾಕಿ ಕಳಸು!"

ಯುಗಾದಿಗೆ ನಾಲ್ಕೇ ದಿನ ಉಳಿದಿತ್ತು.

ಮರುದಿನ ಮೊದಲ ಬಸ್ಸು ಹತ್ತಿದೆ. ನನ್ನ ಸಿಟ್ಟಿನ ಕಾವಿಗೆ ಬಸ್ಸು ರಾಜೇಶ್ವರ ದಾಟಿದ್ದೇ ನನಗೆ ಗೊತ್ತಾಗಲಿಲ್ಲ. ಕಚೇರಿಯ ಮೆಟ್ಟಿಲು ಹತ್ತಿದಾಗ ಹನ್ನೊಂದಾಗಿತ್ತು. ವೈಜನಾಥ ಮೇಜಿನ ಮೇಲೆ ಎಲೆಅಡಿಕೆಯ ಚಂಚಿ ಬಿಚ್ಚಿಕೊಂಡು ಕುಳಿತಿದ್ದ. ನನ್ನನ್ನು ನೋಡಿ ಇಡೀ ಕೋಣೆಗೆ ಕೇಳುವ ಹಾಗೆ ಕೂಗಿದ:

"ಬರ್ರಿ ಬರ್ರಿ, ಸಣ್ಣ ಸಾಹೇಬ್ರ! ಹಾಲ ಕುಡದ ಬಂದೀರೇನು?"

ಕಾರಕೂನರೆಲ್ಲ ಹಲ್ಲು ಬಿಟ್ಟರು.

"ಹೆಡ್ ಸಾಹೇಬ್ರ, ನನ್ನ ರೊಕ್ಕ ಯಾಕ ತಡದೀರಿ?"

"ನಾ ಎಲ್ಲಿ ತಡದೀನಿ? ಕಾಯದೆ ತಡದದ. ಸಣ್ಣ ಹುಡುಗ ದಫ್ತರದಾಗ ಕುಂತ್ರ ಅದು ಸರ್ವಿಸ್ ಅಲ್ಲ ಬಕ್ಕಪ್ಪ, ಗೋಲಿಆಟ."

"ಆಟ ಆಡಿದ್ರ ತಿಂಗಳಾ ತಿಂಗಳಾ ಪಗಾರದಾಗ ಫಂಡ್ ಯಾಕ ಕಡದ್ರಿ?"

"ಅದನ್ನ ಸಾಹೇಬ್ರಿಗೆ ಕೇಳು. ಹಂಗೇ ಇದನ್ನೂ ಕೇಳು." ಅವನು ನನ್ನ ಹಳೆಯ ಸರ್ವಿಸ್ ಬುಕ್ಕು ಎಳೆದು ಮೊದಲ ಪುಟ ತೆಗೆದ. ಉರ್ದು ಬರವಣಿಗೆಯ ನಡುವೆ, ಹುಟ್ಟಿದ ದಿನ ಬರೆದ ಸಾಲಿನ ಮೇಲೆ, ಬಟಾಣಿ ಕಾಳಿನಷ್ಟು ಮಸಿಯ ಬೊಟ್ಟು. "ತಿಂಗಳಿನ ಹೆಸರಿನ ಮ್ಯಾಲೇ ಬಿದ್ದದ. ಇಸವಿ ಮ್ಯಾಲ ಇಲ್ಲ, ತಾರೀಖಿನ ಮ್ಯಾಲ ಇಲ್ಲ. ಮಸಿಗೂ ಕಣ್ಣ ಅದಾವೇನು?"

"ಬುಕ್ಕು ನಿಮ್ಮ ಮೇಜಿನ ಮ್ಯಾಲ ಇರೂದು. ನಿಮ್ಮ ಮನಸ್ಸಿನ್ಯಾಗಿನ ಮಸಿ ಸೋರಿರಬೇಕು."

ಅವನ ನಗೆ ಆರಿತು. ಚಂಚಿ ಮಡಚಿ ಸಣ್ಣ ದನಿಯಲ್ಲಿ ಹೇಳಿದ:

"ಕೇಳು. ಆ ಮನಿ ಯುಗಾದಿ ಮರುದಿನ ನಂದು. ಮೂರೂ ಒಲಿ ಕಿತ್ತ ಒಗದು ಅಲ್ಲಿ ಎರಡು ದುಕಾನ ಕಟ್ಟಸಾಂವ ಇದ್ದೀನಿ. ಸೂಗಿಗೆ ಹೇಳು, ಇನ್ನ ಮ್ಯಾಲ ರೊಟ್ಟಿ ಸಂತಿಯೊಳಗ ನೆಲದ ಮ್ಯಾಲ ಇಟ್ಕೊಂಡ ಮಾರು ಅಂತ."

ಆಗ ನಾನು ಮಾಡಿದ್ದನ್ನು ಹುಮನಾಬಾದದ ಜನ ಇಂದಿಗೂ ಹೇಳುತ್ತಾರೆ. ಎಡಗೈಯಿಂದ ಅವನ ಕೊರಳಪಟ್ಟಿ ಹಿಡಿದು ಕುರ್ಚಿಯಿಂದ ಎತ್ತಿ, ಫೈಲಿನ ಕಪಾಟಿನ ಮೇಲೆ ಕೂರಿಸಿದೆ. ಇಳಿಯಲು ಏಣಿ ತರಿಸಬೇಕಾಯಿತು. ಏಣಿ ಬರುವಷ್ಟರಲ್ಲಿ ನಾನು ಸಾಹೇಬರ ಕೋಣೆಯ ಪರದೆ ಸರಿಸಿ ಒಳಗಿದ್ದೆ.

ಸಾಹೇಬರು ತುಮಕೂರಿನ ಕಡೆಯವರು. ಬಂದು ಆರು ತಿಂಗಳಾಗಿತ್ತು. ಉರ್ದು ಒಂದಕ್ಷರ ಬಾರದು. ನಮ್ಮ ಬಿಸಿಲು, ನಮ್ಮ ಮಾತು, ನಾವು, ಯಾವುದೂ ಅವರಿಗೆ ಹಿಡಿಸುತ್ತಿರಲಿಲ್ಲ. ಫೈಲು ತರಿಸಿದರು. ಹಿಂದೆಯೇ ವೈಜನಾಥನೂ ಬಂದು ನಿಂತ.

"ಏನ್ರೀ ಬಕ್ಕಪ್ಪ, ನಿಜವಾಗ್ಲೂ ಹತ್ತು ವರ್ಷಕ್ಕೆ ಕೆಲಸಕ್ಕೆ ಸೇರಿದ್ರಾ?"

"ಹೌದ್ರಿ ಸಾಹೇಬ್ರ." ನಾನು ಕುದುರೆಯ ಕಥೆಯನ್ನೂ ರಿಜಿಸ್ಟರಿನ ಕಥೆಯನ್ನೂ ಹೇಳಿದೆ. ಕುದುರೆಯ ಬಣ್ಣ ಕೂಡ ಹೇಳಿದೆ.

"ಮೊದಲನೇ ಮಗ ಹುಟ್ಟಿದ್ದು 1951ರಲ್ಲಿ ಅಂತ ನೀವೇ ಬರ್ಕೊಟ್ಟಿದ್ದೀರ. ಆಗ ನಿಮಗೆ ಹದಿನಾಲ್ಕು."

"ನಮ್ಮದು ಬಿಸಿಲ ನಾಡರಿ. ಇಲ್ಲಿ ಬೆಳಿ ಜಲ್ದಿ ಬರತಾವ."

ಬಾಗಿಲಲ್ಲಿದ್ದ ಜವಾನ ಪಕ್ಕನೆ ನಕ್ಕ. ಸಾಹೇಬರು ನಗಲಿಲ್ಲ.

"ನನ್ನ ಹತ್ರ ತಮಾಷೆ ಬೇಡ."

"ತಮಾಷಿ ಅಲ್ಲರಿ. ಹತ್ತು ವರ್ಷದವ ಇರ್ಲಿ, ಹಾಲುಗೂಸು ಇರ್ಲಿ, ಪಗಾರ ನಂದು, ಕಡದ ರೊಕ್ಕ ನಂದು. ಇವರು ನನ್ನ ಸಡ್ಡಕರಿ. ನಾ ಕೊಳ್ಳೂ ಮನಿ ಇವರಿಗೆ ಬೇಕಾಗ್ಯದ. ಅದಕ್ಕ ಬುಕ್ಕಿನ ಮ್ಯಾಲ ಮಸಿ ಚೆಲ್ಲಿ, ಅರ್ಜಿ ವಾಪಸ ಮಾಡ್ಯಾರ. ಇಂಥವರಿಗೆ ಹೆಡ್ ಕ್ಲಾರ್ಕ್ ಅಂತಾರೇನ್ರಿ? ದರೋಡಿಕಾರ!"

ಸಾಹೇಬರು ವೈಜನಾಥನ ಕಡೆ ತಿರುಗಿದರು. "ಮನೆ ವಿಷಯ ನಿಜಾನೇನ್ರೀ?"

ವೈಜನಾಥ ಬಾಗಿಲ ಕಡೆ ನೋಡಿದ. ನನಗೆ ಹೋಳಿಗೆ ತಿಂದಷ್ಟು ಸಂತೋಷವಾಯಿತು. ಆದರೆ ಅವನು ಉತ್ತರ ಕೊಡಲಿಲ್ಲ, ಪ್ರಶ್ನೆ ಕೇಳಿದ.

"ಸಾಹೇಬ್ರ, ಒಂದ ಮಾತ ಇವಗ ಕೇಳ್ರಿ. ನಮ್ಮದು ಮೈಸೂರಿಗೆ ಕೂಡಿದ ಮ್ಯಾಲ, 1958ರಾಗ, ಹಳೇ ಉರ್ದು ಬುಕ್ಕೆಲ್ಲಾ ಕನ್ನಡಕ್ಕ ಇಳಸ್ರಿ ಅಂತ ಹುಕುಂ ಬಂತು. ನಾ ಆಗ ಇಲ್ಲಿ ಇದ್ದಿಲ್ಲ. ಆ ಕೆಲಸ ಯಾರ ಮಾಡಿದ್ರು?"

ಇಲ್ಲಿ ನಾನು ಸುಮ್ಮನಿರಬೇಕಾಗಿತ್ತು. ಆದರೆ ಅಂಥ ಕೆಲಸವನ್ನು ಮಾಡಿ ಸುಮ್ಮನಿರುವುದು ಹೇಗೆ?

"ನಾನೇ! ಮತ್ತ್ಯಾರು? ಈ ಆಫೀಸಿನಾಗ ಉರ್ದುವಿನ ಅಲೀಫ್ ಅಕ್ಷರ ನೋಡಿದವ ನಾ ಒಬ್ಬನೇ. ಮುನ್ನೂರ ಬುಕ್ಕು, ಒಂದ ದಿನದಾಗ, ಒಂದ ದೌತಿಯ ಮಸಿಯೊಳಗ ಮುಗಿಸೀನಿ. ನನ್ನ ಬೆರಳ ನೋಡಾಕ ಬೀದರದಿಂದ ಜನ ಬಂದಿದ್ರು."

"ನಿಮ್ಮ ಬುಕ್ಕನ್ನೂ ನೀವೇ ಇಳಿಸಿದ್ರಾ?" ಸಾಹೇಬರು ಕೇಳಿದರು.

ನಾನು ಗೋಡೆಯ ಗಡಿಯಾರ ನೋಡಿದೆ.

"ನಂದು... ಯಾರ ಇಳಿಸ್ಯಾರೋ ನೆಪ್ಪಿಲ್ಲರಿ."

"ಅಕ್ಷರ ಇವರದೇ," ಎಂದ ವೈಜನಾಥ. ಹಲ್ಲು ಕಾಣಿಸಿದವು.

ಅಷ್ಟರಲ್ಲಿ ಜವಾನ ಬಂದು, ಹೊರಗೆ ಬಸವಕಲ್ಯಾಣದಿಂದ ಒಬ್ಬ ಹೆಣ್ಣುಮಗಳು, ಒಬ್ಬ ಮುದುಕರು ಬಂದಿದ್ದಾರೆ, ಒಳಗೆ ಬಿಡು ಎನ್ನುತ್ತಿದ್ದಾರೆ ಎಂದ. ಸಾಹೇಬರು ಬೇಡ ಎನ್ನುವಷ್ಟರಲ್ಲಿ ಪರದೆ ಸರಿಯಿತು. ಸೂಗಮ್ಮ. ಸೆರಗು ತಲೆಯ ಮೇಲೆ, ಮೊಣಕೈಯಲ್ಲಿ ಜೋಳದ ಹಿಟ್ಟು ಇನ್ನೂ ಹಾಗೇ ಇದೆ. ಅವಳ ಹಿಂದೆ ಕೋಲೂರಿಕೊಂಡು ಅಬ್ದುಲ್ ಕರೀಂ ಸಾಹೇಬರು.

"ಏ, ನಿನ್ನ ಯಾರ ಕರದಾರ ಇಲ್ಲಿ? ಮನಿಗೆ ನಡಿ," ಎಂದೆ.

"ಯಾವ ಮನಿಗೆ?" ಎಂದಳು. "ಯುಗಾದಿ ಆದ ಮ್ಯಾಲ ಯಾವ ಮನಿಗೆ ಹೋಗ್ಲಿ? ಹೇಳ್ರಿ."

ಅವಳು ಸಾಹೇಬರ ಕಡೆ ತಿರುಗಿದಳು.

"ಸಾಹೇಬ್ರ, ನಾ ಓದಿಲ್ಲರಿ. ಆದ್ರ ನಮ್ಮ ಲಗ್ನದಾಗ ಇವರು ಹನ್ನೆರಡು ವರ್ಷದ ಹುಡುಗ ಇದ್ದಿಲ್ಲ ಅನ್ನೂದು ನನಗ ಪಕ್ಕಾ ಗೊತ್ತದ. ನಿನ್ನೆ ಕರೀಂ ಸಾಹೇಬ್ರಿಗೆ ಕೇಳಿದೆ, ಇದೇನ ಲೆಕ್ಕರಿ ಅಂತ. ಇವರ ಹಳೇ ಉರ್ದು ಬುಕ್ಕ ಬರದವರು ಈ ಕರೀಂ ಸಾಹೇಬ್ರೇ ಅಂತರಿ. ಅದಕ್ಕ ಕರಕೊಂಡ ಬಂದೀನಿ."

"ಅಲ್ಲಾ ಕೀ ಕಸಮ್, ನಾನೇ ಬರದೀನಿ," ಎಂದರು ಕರೀಂ ಸಾಹೇಬರು. ಕನ್ನಡಕ ತೆಗೆದು ಒರೆಸಿ, ಹಾಕಿಕೊಂಡು, ಬುಕ್ಕನ್ನು ಕಿಟಕಿಯ ಬೆಳಕಿಗೆ ಹಿಡಿದರು. ಮಸಿಯ ಬೊಟ್ಟಿನ ಹಿಂದೆ ಪುಟವನ್ನು ತಿರುಗಿಸಿ ನೋಡಿದರು. "ನನ್ನ ಕಲಮು ಕಾಗದದಾಗ ಕೊರದ ಹೋಗತಿತ್ತು. ಹಿಂದಿನಿಂದ ಕಾಣಾಕತ್ತದ ನೋಡ್ರಿ. ರಜಬ್."

"ರಜಬ್ ಅಂದ್ರೆ?" ಸಾಹೇಬರು ಕೇಳಿದರು.

"ತಿಂಗಳ ಹೆಸರರಿ. ನಮ್ಮ ಕಾಲದಾಗ ಎರಡು ಲೆಕ್ಕ ಇದ್ವು ಸಾಹೇಬ್ರ. ದಫ್ತರದ್ದು ಫಸಲಿ, ಮಸೀದಿದ್ದು ಹಿಜರಿ. ಫಸಲಿಯೊಳಗ ಆಜುರ್, ದೈ, ಬಹಮನ್ ಅಂತ ತಿಂಗಳು. ರಜಬ್ ಹಿಜರಿದು, ಫಸಲಿಯೊಳಗ ಇಲ್ಲೇ ಇಲ್ಲ. ಇವರ ಊರಿನ ಸಾಲಿ ಮಾಸ್ತರು ಚೀಟಿಯೊಳಗ ಹಿಜರಿ ಬರದ ಕೊಟ್ಟಿದ್ರು, ನಾನೂ ಹಂಗೇ ಇಳಿಸೀನಿ. ಬುಕ್ಕಿನ್ಯಾಗ ಇಸವಿ ಸಾವಿರದ ಮುನ್ನೂರ ನಲವತ್ತಾರು ಅಂತದ. ಅದು ಹಿಜರಿ ಅಂದ್ರ ನಿಮ್ಮ ಇಸವಿಯೊಳಗ 1928 ಆಗ್ತದ. ಅದನ್ನೇ ಫಸಲಿ ಅಂತ ಹಿಡದ್ರ 1937. ಒಂಬತ್ತು ವರ್ಷ ಫರಕು."

ಸಾಹೇಬರು ಬೆರಳು ಮಡಚಿ ಲೆಕ್ಕ ಹಾಕಿದರು. "ಹಾಗಾದ್ರೆ ಹತ್ತೊಂಬತ್ತು ವರ್ಷಕ್ಕೆ ಕೆಲಸಕ್ಕೆ ಸೇರಿದ್ದಾರೆ. ಇಪ್ಪತ್ತೈದು ವರ್ಷ ಸೇವೆ ಪೂರ್ತಿ ಆಗಿದೆ. ದುಡ್ಡು ಕೊಡಬಹುದು."

ಸೂಗಮ್ಮ ಉಸಿರು ಬಿಟ್ಟಳು. ವೈಜನಾಥ ಹಲ್ಲು ಮುಚ್ಚಿಕೊಂಡ. ನಾನು ಮಾತ್ರ ಒಳಗೆ ಬೇರೆ ಲೆಕ್ಕ ಹಾಕುತ್ತಿದ್ದೆ. ಐವತ್ತೈದಕ್ಕೆ ನಿವೃತ್ತಿ. 1937 ಎಂದಿದ್ದರೆ ಇನ್ನೂ ಇಪ್ಪತ್ತು ವರ್ಷ ಪಗಾರ. 1928 ಎಂದಾದರೆ ಹನ್ನೊಂದೇ.

"ಇವರಿಗೆ ವಯಸ್ಸಾಗ್ಯದ್ರಿ, ಕಣ್ಣ ಸರಿ ಕಾಣೂದಿಲ್ಲ," ಎಂದೆ. "ಅದು ಬಹಮನ್ ಇರಬೇಕು."

ಕರೀಂ ಸಾಹೇಬರು ಕನ್ನಡಕದ ಮೇಲಿನಿಂದ ನನ್ನನ್ನು ನೋಡಿದರು. "ಬಕ್ಕಪ್ಪ, ನಿನ್ನ ಬಾಡಿಗಿ ಹದಿನಾಲ್ಕು ವರ್ಷ ತಗೊಂಡೀನಿ. ನಿನ್ನ ಸುಳ್ಳ ಪುಕ್ಕಟೆ ಕೇಳೀನಿ. ನನ್ನ ಅಕ್ಷರಕ್ಕ ಮಾತ್ರ ಕೈ ಹಚ್ಚಬ್ಯಾಡ."

"ಒಪ್ಪಿಕೊಳ್ರಿ," ಎಂದಳು ಸೂಗಮ್ಮ. "ನಿಮ್ಮ ಪ್ರಾಯ ಇಟ್ಕೊಂಡ ನಾ ಏನ್ ಮಾಡ್ಲಿ? ಒಲ್ಯಾಗ ಹಾಕ್ಲೇನು? ನನಗ ಮನಿ ಬೇಕು."

"ಒಂಬತ್ತು ವರ್ಷದ ಪಗಾರ ಹೋಗ್ತದ ಹುಚ್ಚಿ!" ಎಂದು ಚೀರಿದೆ. "ಅಷ್ಟು ಸುಲಭ ಅಲ್ಲ ಅದನ್ನ ಗಳಿಸಿದ್ದು!"

ಮಾತು ಬಾಯಿಂದ ಹೊರಬಿದ್ದಾಗಿತ್ತು.

"ಅಂದ್ರೆ ನಿಮಗೆ ಗೊತ್ತಿತ್ತು," ಎಂದರು ಸಾಹೇಬರು.

ವೈಜನಾಥ ಮುಂದೆ ಬಂದ. ನನ್ನನ್ನು ಹಿಡಿದ ಖುಷಿಗಿಂತ ಮನೆ ಕೈತಪ್ಪುವ ಸಂಕಟ ಅವನಿಗೆ ಜಾಸ್ತಿಯಾಗಿತ್ತು. "ಸಾಹೇಬ್ರ, ಸರ್ಕಾರಕ್ಕ ಮೋಸ ಮಾಡಿದವಗ ರೊಕ್ಕ ಹ್ಯಾಂಗ ಕೊಡ್ತೀರಿ? ಮೊದಲ ವಿಚಾರಣಾ ಆಗ್ಲಿ. ಆರ ತಿಂಗಳ ಹೋಗ್ಲಿ, ವರ್ಷ ಹೋಗ್ಲಿ..."

"ಭಾವ," ಎಂದಳು ಸೂಗಮ್ಮ, ಅವನ ಮುಖ ನೋಡದೆ, "ನನ್ನ ಒಲಿ ಇದ್ದ ಮನಿ ಕಸಗೊಳ್ಳಾಕ ಹೊಂಟೀರಲ್ಲ. ಅಕ್ಕಗ ಹೇಳಿ ಬಂದೀನಿ. ಮನಿಗೆ ಹೋಗ್ರಿ, ಊಟಕ್ಕ ಹಾಕ್ತಾಳ."

ಸಾಹೇಬರು ಮೇಜು ತಟ್ಟಿದರು. "ಸಾಕು. ವಿಚಾರಣೆ ವಿಚಾರಣೆ ದಾರೀಲಿ ನಡೆಯುತ್ತೆ, ಶಿಕ್ಷೆನೂ ಆಗುತ್ತೆ. ಫಂಡು ಅವನ ಸಂಬಳದಿಂದ ಕಡಿದ ದುಡ್ಡು. ಸರಿಯಾದ ತಾರೀಖು ಒಪ್ಪಿ ಈಗ್ಲೇ ಬರೆದುಕೊಟ್ಟರೆ ಇವತ್ತೇ ಮಂಜೂರು ಮಾಡ್ತೀನಿ. ಇಲ್ಲ ಅಂದ್ರೆ ಮೂವತ್ತೈದು ವರ್ಷದ ಹುಡುಗನಾಗೇ ಇರು, ಅರ್ಜಿ ತಿರಸ್ಕಾರ. ಬೇಗ ಹೇಳು."

ಅವರು ನನಗೆ ಏಕವಚನ ಬಳಸಿದ್ದು ಅದೇ ಮೊದಲು.

ಜವಾನ ಬಿಳಿ ಹಾಳೆ, ಟಾಕು, ದೌತಿ ತಂದಿಟ್ಟ. ನಾನು ಬರೆಯಲು ಶುರು ಮಾಡಿದೆ: "ಕೆಲಸದ ಅಪಾರ ಒತ್ತಡದಲ್ಲಿ, ಒಂದೇ ದಿನದಲ್ಲಿ ಮುನ್ನೂರು ಬುಕ್ಕು..." ವೈಜನಾಥ ಹೆಗಲ ಮೇಲಿಂದ ಬಗ್ಗಿ ಓದುತ್ತಿದ್ದ. "ನಲವತ್ತೊಂದು ಬುಕ್ಕು ಅದಾವ," ಎಂದ. "ಎರಡು ತಿಂಗಳ ಹತ್ಯಾವ. ರಿಜಿಸ್ಟರದಾಗ ಅದ. ಹೊಡದ ಹಾಕು." ಹೊಡೆದು ಹಾಕಿದೆ. ಸೂಗಮ್ಮ ನನ್ನ ಎದುರು ನಿಂತಿದ್ದಳು. ಅಕ್ಷರ ಬಾರದಿದ್ದರೂ ನನ್ನ ಕೈಯನ್ನೇ ನೋಡುತ್ತಿದ್ದಳು.

ಹೊಸ ಹಾಳೆ ತೆಗೆದುಕೊಂಡೆ. ಅದರಲ್ಲಿ ಬರೆದದ್ದನ್ನೂ ಬರೆಯದದ್ದನ್ನೂ ನಿಮಗೆ ಹೇಳಿಬಿಡುತ್ತೇನೆ. ಆ ಬೊಟ್ಟು ಹಾಕಿದವನು ವೈಜನಾಥನಲ್ಲ, ನಾನು. ಅವನು ಕೆಟ್ಟವನು ಹೌದು. ಆದರೆ ಈ ಒಂದನ್ನು ಅವನು ಮಾಡಲಿಲ್ಲ. ಯಾವ ಸಾಹೇಬರೂ ಕುದುರೆ ನಿಲ್ಲಿಸಲಿಲ್ಲ. ಹತ್ತೊಂಬತ್ತು ವರ್ಷದ ಮೀಸೆ ಬಂದ ಹುಡುಗನಾಗಿ, ಮೂರು ಸಲ ಅರ್ಜಿ ಹಾಕಿ, ಅವರಿವರ ಕೈಕಾಲು ಹಿಡಿದು ನೌಕರಿಗೆ ಸೇರಿದವನು ನಾನು. ವೈಜನಾಥನ ಕೊರಳಪಟ್ಟಿ ಹಿಡಿಯಲಿಲ್ಲ. ಸಂತೆಯಲ್ಲಿ ರೊಟ್ಟಿ ಮಾರಲಿ ಎಂದಾಗ ಕೇಳಿಕೊಂಡು ಸುಮ್ಮನೆ ನಿಂತಿದ್ದೆ. 1958ರಲ್ಲಿ ನನ್ನ ಬುಕ್ಕು ನನ್ನ ಕೈಗೆ ಬಂದಾಗ ಮಧ್ಯಾಹ್ನವಾಗಿತ್ತು. ಮೇಲಿನವರಿಗೆ ಉರ್ದು ಬರುತ್ತಿರಲಿಲ್ಲ, ಪಕ್ಕದವರು ಊಟಕ್ಕೆ ಹೋಗಿದ್ದರು. ರಜಬ್ ಎಂದು ಚೆನ್ನಾಗಿಯೇ ಓದಿದೆ. ಟಾಕನ್ನು ದೌತಿಯಲ್ಲಿ ಅದ್ದಿ, ಅದರ ಮೇಲೆ ಹಿಡಿದು, ಹನಿ ಬೀಳುವ ತನಕ ಕಾದೆ.